ಒಲೆಯ ಮುಂದೆ: ಯಾವ ‘ಆಗುವುದಿಲ್ಲ’?



ಯುಗಾದಿಯ ದಿನ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ನಾಲ್ಕು ವರ್ಷದ ಹುಡುಗನಿಗೆ ಹೋಳಿಗೆ ಬಡಿಸಿ, ಮೇಲೆ ಧಾರಾಳವಾಗಿ ತುಪ್ಪ ಹಾಕಿದೆ. “ಕಾಕೂ, ಇವಗ ಹಾಲು ಆಗೂದಿಲ್ಲ” ಎಂದಳು ಅವನ ತಾಯಿ. “ತುಪ್ಪದಾಗ ಹಾಲೆಲ್ಲಿರ್ತದವ್ವಾ, ಕಾಸಿದಾಗ ಎಲ್ಲಾ ಹೋಗಿರ್ತದ” ಎಂದು ನಾನು ನಕ್ಕೆ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಅವಳು ಸುಮ್ಮನಾದಳು. ಹತ್ತೇ ನಿಮಿಷಕ್ಕೆ ಮಗುವಿನ ತುಟಿ ಬಾತು, ಮೈಮೇಲೆ ದದ್ದು ಎದ್ದವು. ದೇವರ ದಯೆ, ಡಾಕ್ಟರು ಹತ್ತಿರದಲ್ಲೇ ಇದ್ದರು. ಸಂಜೆಗೆ ಮಗು ಆಡತೊಡಗಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ತಪ್ಪು ಎಲ್ಲಿತ್ತು? ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು. ಉಳಿದದ್ದು ನೀರು, ಹಾಲಿನ ಸಕ್ಕರೆ, ಹಾಲಿನ ಪ್ರೋಟೀನು. ಕಾಸಿದಾಗ ನೀರು ಆರಿಹೋಗುತ್ತದೆ, ಉಳಿದವು ಕೆಂಪಗಾಗಿ ತಳದಲ್ಲಿ ಗಸಿಯಾಗುತ್ತವೆ. ನಮ್ಮ ಇಂದಾಪುರದ ನೆರೆಯವರು ‘ಬೇರಿ’ ಎಂದು ಸಕ್ಕರೆ ಬೆರೆಸಿ ಮಕ್ಕಳಿಗೆ ಕೊಡುವುದು ಇದನ್ನೇ. ಎಷ್ಟು ಸೋಸಿದರೂ ಇದರ ಲವಲೇಶ ತುಪ್ಪದಲ್ಲಿ ಉಳಿದೇ ಉಳಿಯುತ್ತದೆ.

‘ಹಾಲು ಆಗುವುದಿಲ್ಲ’ ಎನ್ನುವವರಲ್ಲಿ ಎರಡು ಬಗೆ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವುದು ಒಂದು ಬಗೆ. ಅಂಥವರಿಗೆ ತುಪ್ಪದಲ್ಲಿ ಉಳಿಯುವ ಲೇಶದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹಾಲಿನ ಪ್ರೋಟೀನಿನ ಅಲರ್ಜಿ ಇನ್ನೊಂದು. ಅಲ್ಲಿ ಆ ಲೇಶವೇ ಸಾಕು, ಉಸಿರಿಗೇ ಅಪಾಯ ಬರಬಹುದು. ನಾನು ಮೊದಲನೆಯದೆಂದು ತಿಳಿದೆ, ಆ ಮಗುವಿನದು ಎರಡನೆಯದು. ಇಂಥ ಮಕ್ಕಳಿಗೆ ಡಾಕ್ಟರನ್ನು ಕೇಳದೆ ತುಪ್ಪ ಮುಟ್ಟಿಸಬಾರದು. ತುಟಿ, ಗಂಟಲು ಬಾತರೆ, ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಇನ್ನು ನಿಮ್ಮ ಪಥ್ಯಗಳು. ಪುಣೆಯಿಂದ ರಜೆಗೆ ಬರುವವರಲ್ಲಿ ಒಬ್ಬಳು ‘ವೀಗನ್’, ಒಬ್ಬ ‘ಕೀಟೊ’! ಪ್ರಾಣಿಯಿಂದ ಬಂದದ್ದೇನೂ ಬೇಡವೆನ್ನುವ ವೀಗನ್ನರಿಗೆ ತುಪ್ಪ ಸಲ್ಲದು. ಕಾಸಿದರೂ ಅದು ಹಾಲಿನ ಮಗಳೇ. ಪಿಷ್ಟ ಬಿಟ್ಟು ಕೊಬ್ಬು ತಿನ್ನುವ ಕೀಟೊದವರಿಗೆ ಸಲ್ಲುತ್ತದೆ. ಗೋಧಿಯ ಗ್ಲುಟೆನ್ ಆಗದವರಿಗೆ ಹೋಳಿಗೆ ಬೇಡ, ಆದರೆ ಅದೇ ತುಪ್ಪವನ್ನು ಶುದ್ಧ ಜೋಳದ ಹಿಟ್ಟಿನ ರೊಟ್ಟಿಗೆ ಸವರಿ ಕೊಡಬಹುದು.

ಸಕ್ಕರೆ ಕಾಯಿಲೆಯವರು, “ತುಪ್ಪದಲ್ಲಿ ಸಕ್ಕರೆಯಿಲ್ಲವಲ್ಲ” ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಿಜ. ಆದರೆ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಎಂಟೊಂಬತ್ತು ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಈ ಕೊಬ್ಬು ಸುಮಾರು 22 ಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎರಡೂವರೆ ಚಮಚಕ್ಕೆ ಲೆಕ್ಕ ಮುಗಿಯಿತು! ಹೃದ್ರೋಗದವರಂತೂ ಕೈ ಬಿಗಿ ಹಿಡಿಯಲೇಬೇಕು.

ಹೊರಗೆ ‘ತೂಪ’, ಮನೆಯೊಳಗೆ ‘ತುಪ್ಪ’ ಎನ್ನುತ್ತ ಬೆಳೆದವರು ನೀವು. “ಸ್ವಲ್ಪ ಹಾಕ್ಕೋ, ಏನೂ ಆಗೋದಿಲ್ಲ” ಎನ್ನುವುದು ನಮ್ಮ ತಲೆಮಾರಿನ ಪ್ರೀತಿ. ಹಿರಿಯರ ಮುಂದೆ ಸಂಕೋಚದಿಂದ ಸುಮ್ಮನಾಗಬೇಡಿ. ಆಗದಿದ್ದರೆ ಯಾಕೆ ಆಗುವುದಿಲ್ಲವೆಂದು ಬಿಡಿಸಿ ಹೇಳಿ. ನಾನೂ ಈಗ ತುಪ್ಪದ ಗಿಂಡಿ ಎತ್ತುವ ಮೊದಲು ಕೇಳುತ್ತೇನೆ. ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ಅವನ ಹೋಳಿಗೆಯನ್ನು ಬೇರೆ ಹಂಚಿನ ಮೇಲೆ ಎಣ್ಣೆ ಹಾಕಿ ಬೇಯಿಸಿ, ತೆಂಗಿನಹಾಲಿನ ಜೊತೆ ಕೊಟ್ಟೆ. ಎರಡು ತಿಂದು, “ಇನ್ನೊಂದು, ಅಜ್ಜಿ” ಎಂದ.