ಕಹೋಲಾವೆಯ ಋಣ ಇನ್ನೂ ತೀರಿಲ್ಲ

ಹವಾಯಿಯ ಮಾವಿ ದ್ವೀಪದಲ್ಲಿ ಹಲೆಯಾಕಲಾ ಪರ್ವತ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಅದರ ಮಳೆನೆರಳಿನಲ್ಲಿರುವ ಪುಟ್ಟ ದ್ವೀಪ ಕಹೋಲಾವೆಗೆ ಮಳೆ ಎಂದೂ ಅಷ್ಟಕ್ಕಷ್ಟೆ. ಆದರೂ ಅಲ್ಲಿ ಹಸಿರಿತ್ತು. ಅದನ್ನು ಅಳಿಸಿದ ಪಾಪ ಬರಗಾಲದ್ದಲ್ಲ, ಮನುಷ್ಯರದು. 18ನೇ ಶತಮಾನದ ಕೊನೆಗೆ ಹೊರಗಿನಿಂದ ಬಂದ ಆಡುಗಳು, ಆಮೇಲೆ ಕುರಿ, ದನಗಳ ಹಿಂಡು ಚಿಗುರು ಬಿಡದೆ ಮೇಯ್ದವು. 1941ರಿಂದ 1990ರವರೆಗೆ ಅಮೆರಿಕದ ಸೇನೆ ಅಲ್ಲಿ ಬಾಂಬು ಸುರಿಯಿತು. 1965ರಲ್ಲಂತೂ 500 ಟನ್ ಸಿಡಿಮದ್ದನ್ನು ಒಮ್ಮೆಗೇ ಸ್ಫೋಟಿಸಿ ಪರೀಕ್ಷೆ ಮಾಡಿದರು, ಅದೂ ಮೂರು ಸಲ!

1976ರಲ್ಲಿ ಹವಾಯಿಯ ಮೂಲನಿವಾಸಿಗಳು ನಿಷೇಧ ಮುರಿದು ದ್ವೀಪಕ್ಕೆ ಕಾಲಿಟ್ಟರು. ಮರುವರ್ಷ ಆ ಹೋರಾಟದ ಜಾರ್ಜ್ ಹೆಲ್ಮ್ ಮತ್ತು ಕಿಮೋ ಮಿಚೆಲ್ ಕಡಲಲ್ಲಿ ಕಣ್ಮರೆಯಾದರು. ಬಾಂಬು ನಿಂತದ್ದು ಇಂಥವರಿಂದ.

ಇಂದು ಅಲ್ಲಿ ಗಿಡ ನೆಡುವವರನ್ನು ನೋಡಿ. ಮೇಲ್ಮಣ್ಣು ಕೊಚ್ಚಿಹೋಗಿ, ನೆಲ ಕೆಂಪಗೆ ಕಲ್ಲಾಗಿದೆ. ಗುದ್ದಲಿ ಹಾಕೋಣವೆಂದರೆ ಕೆಳಗೆ ಸಿಡಿಯದ ಬಾಂಬು ಇರಬಹುದು. ಹಾಗಾಗಿ ನೆಲದ ಮೇಲೆಯೇ ಮಣ್ಣಿನ ದಿಬ್ಬ ಕಟ್ಟುತ್ತಾರೆ. ಒಣಹುಲ್ಲಿನ ಪಿಂಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟು, ಹರಿದುಹೋಗುವ ಮಣ್ಣನ್ನು ಹಿಡಿದು, ಅಲ್ಲಿ ಸಸಿ ಊರುತ್ತಾರೆ. ಅವರು ನೆಡುವ 'ಆಆಲಿಈ' ನಮಗೆ ಪರಕೀಯ ಗಿಡವೇನಲ್ಲ. ನಮ್ಮ ಬಯಲುಸೀಮೆಯ ಕಲ್ಲುಗುಡ್ಡಗಳ ಬಂದರಿಕೆಯೇ ಅದು. ಸ್ವಯಂಸೇವಕರು ದೋಣಿಯಲ್ಲಿ ಬಂದು, ಬಿಸಿಲಲ್ಲಿ ಬೆಂದು, ಮಳೆನೀರು ಹಿಡಿದಿಟ್ಟು ಈ ಕೆಲಸ ಮಾಡುತ್ತಿದ್ದಾರೆ.

ಹಾಳು ಮಾಡಿದವರು ಮಾತ್ರ ಅರ್ಧಕ್ಕೇ ಕೈತೊಳೆದುಕೊಂಡಿದ್ದಾರೆ. 1993ರಲ್ಲಿ ಅಮೆರಿಕದ ಸಂಸತ್ತು ಶುದ್ಧೀಕರಣಕ್ಕೆ 40 ಕೋಟಿ ಡಾಲರ್ ಒಪ್ಪಿತು. ಹತ್ತು ವರ್ಷ ಕಳೆಯುತ್ತಲೇ ನೌಕಾಪಡೆ ಹೊರಟುಹೋಯಿತು. ದ್ವೀಪದ ಸುಮಾರು ಕಾಲು ಭಾಗವನ್ನು ಮುಟ್ಟಿಯೂ ಇರಲಿಲ್ಲ. ಮಣ್ಣಿನಾಳದವರೆಗೆ ಶೋಧಿಸಿದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. 2020ರಲ್ಲಿ ಕಾಳ್ಗಿಚ್ಚು ದ್ವೀಪದ ಸುಮಾರು ಮೂರನೇ ಒಂದು ಭಾಗವನ್ನು ಸುಟ್ಟಾಗ, ಹೂತ ಬಾಂಬುಗಳ ಭಯದಿಂದ ಅಗ್ನಿಶಾಮಕದವರು ನೆಲಕ್ಕಿಳಿದು ನಂದಿಸುವಂತಿರಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಅಕ್ಕ-ಅಣ್ಣಂದಿರೇ, ಆ ಬಾಂಬುಗಳ ಖರ್ಚು ಹೊತ್ತ ಖಜಾನೆಗೇ ಈಗ ನೀವೂ ತೆರಿಗೆ ಕಟ್ಟುತ್ತಿದ್ದೀರಿ. ರಜೆಗೆಂದು ಮಾವಿಯ ಕಡಲತೀರಕ್ಕೆ ಹೋದಾಗ ಎದುರಿಗೆ ಕಾಣುವ ಕೆಂಪು ದ್ವೀಪ ಇದೇ. ಫೋಟೋ ತೆಗೆದು ಹಿಂತಿರುಗಬೇಡಿ. ಸಸಿ ನೆಡುವವರಿಗೆ ಕೈಲಾದಷ್ಟು ಹಣ ಕೊಡಿ, ಅವಕಾಶ ಸಿಕ್ಕರೆ ಜೊತೆಗೆ ಮಣ್ಣು ಹೊರಿ. ನಿಮಗೆ ಮತದ ಹಕ್ಕಿದ್ದರೆ ನಿಮ್ಮ ಪ್ರತಿನಿಧಿಗೆ ಇವತ್ತೇ ಪತ್ರ ಬರೆಯಿರಿ: ಕಹೋಲಾವೆಯಲ್ಲಿ ಬಿಟ್ಟುಬಂದ ಬಾಂಬುಗಳನ್ನು ಯಾವಾಗ ತೆಗೆಯುತ್ತೀರಿ? ಉತ್ತರ ಬರುವವರೆಗೆ ಬರೆಯುತ್ತಲೇ ಇರಿ.