ಲೆಕ್ಕವೂ ಅಳತೆಯೂ

ಭಾರತದಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮವು 1962ರಲ್ಲಿ ಆರಂಭವಾಯಿತು. ಎಷ್ಟು ಜನರಿಗೆ ದೇವಿ ಹಾಕಲಾಯಿತೆಂಬುದೇ ಆಗ ಪ್ರಗತಿಯ ಅಳತೆಗೋಲು. ಅಂಕಿಗಳು ಏರುತ್ತಲೇ ಹೋದವು. ರೋಗವೂ ಉಳಿದೇ ಇತ್ತು. ಸುಲಭವಾಗಿ ಕೈಗೆ ಸಿಗುವ ಶಾಲೆಯ ಮಕ್ಕಳಿಗೇ ಮತ್ತೆ ಮತ್ತೆ ದೇವಿ ಹಾಕಿದರೂ ಲೆಕ್ಕ ಬೆಳೆಯುತ್ತದೆಯಲ್ಲವೆ? 1973ರಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನೇ ಹುಡುಕತೊಡಗಿದಾಗ, ದಾಖಲೆಗೆ ಬಾರದಿದ್ದ ಸಾವಿರಾರು ಮಂದಿ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಂಡುಬಂದರು. ಹುಡುಕಿದವರ ಮಾತನ್ನೂ ಸುಮ್ಮನೆ ನಂಬಲಿಲ್ಲ; ಬೇರೆಯವರು ಕೆಲವು ಹಳ್ಳಿಗಳಿಗೆ ತೆರಳಿ, ರೋಗಿಯ ಚಿತ್ರ ತೋರಿಸಲು ಯಾರಾದರೂ ಬಂದಿದ್ದರೇ ಎಂದು ವಿಚಾರಿಸುತ್ತಿದ್ದರು. ಇಂತಹ ಪರೀಕ್ಷೆಯನ್ನು ಕೊನೆಗೆ ಮುಂದೂಡದೆ ಕೆಲಸದ ಆರಂಭದಲ್ಲಿಯೇ ಯೋಜಿಸುವುದು ಯುಕ್ತ. 1975ರ ಮೇ ತಿಂಗಳಲ್ಲಿ ಕೊನೆಯ ರೋಗಿ ದೊರೆತ ಬಳಿಕವೂ ಶೋಧ ನಿಲ್ಲಲಿಲ್ಲ. ಸುಮಾರು ಎರಡು ವರ್ಷ ಹುಡುಕಿದ ಮೇಲೆಯೇ, 1977ರ ಏಪ್ರಿಲ್‌ನಲ್ಲಿ, ದೇಶವು ಸಿಡುಬಿನಿಂದ ಮುಕ್ತವಾಯಿತೆಂದು ಅಂತರರಾಷ್ಟ್ರೀಯ ಆಯೋಗವು ಒಪ್ಪಿತು.