ರಜೆಯ ಪೆಟ್ಟಿಗೆಯಲ್ಲಿ ಯಾವ ಪುಸ್ತಕ?

ಗಲ್ಫ್ ಬಿಟ್ಟು ಆಸ್ಟ್ರೇಲಿಯಾ ಸೇರಿದ ನಮ್ಮವರಲ್ಲಿ ಕೆಲವರು ಈಗ ಎಪ್ಪಿಂಗ್‌ನಲ್ಲಿದ್ದಾರೆ. ಸಿಡ್ನಿಯಲ್ಲೊಂದು ಎಪ್ಪಿಂಗ್, ಮೆಲ್ಬರ್ನ್‌ನಲ್ಲಿ ಇನ್ನೊಂದು. (ಪಾರ್ಸೆಲ್ ಕಳಿಸುವವರು ಮೊದಲನೆಯದಕ್ಕೆ 2121, ಎರಡನೆಯದಕ್ಕೆ 3076 ಎಂದು ಮರೆಯದೆ ಬರೆಯಿರಿ.) ಅವರ ಬೇಸಿಗೆ ಡಿಸೆಂಬರ್‌ನಲ್ಲಿ. ಕ್ರಿಸ್‌ಮಸ್ ರಜೆಯ ಓದಿಗೆ ಹೊಸ ಪೇಪರ್‌ಬ್ಯಾಕ್ ಹುಡುಕುವ ಕಾಲ ಅದು. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕೂಡ ಪೇಪರ್‌ಬ್ಯಾಕೇ. ದೀಪಾ ಭಾಸ್ತಿ ಅನುವಾದಿಸಿದ 12 ಕತೆಗಳು. ಅನುವಾದಕ್ಕೂ ಸಂದ ಪ್ರಶಸ್ತಿ ಅದು, ಸಂತೋಷವೇ. ಆದರೆ ಕನ್ನಡ ಓದಬಲ್ಲ ನಾವು ಹಾಸನದ ಲೇಖಕಿಯನ್ನು ಇಂಗ್ಲಿಷಿನಲ್ಲೇ ಓದಿ ಮುಗಿಸಬೇಕೆ?

ಎಪ್ಪಿಂಗ್‌ನವರಿಗೆ ಊರು ದೂರ. ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗಿಬರುವ ನಮಗೆ ಆ ನೆಪವೂ ಇಲ್ಲ. ಉಪ್ಪಿನಕಾಯಿ, ಸಂಡಿಗೆಯ ನಡುವೆ ಮೂರು ಪುಸ್ತಕ ಹಿಡಿಸದೇನು!

ನಮ್ಮ ಮೊದಲ ಶಿಫಾರಸು ವಿವೇಕ ಶಾನಭಾಗರ 'ಘಾಚರ್ ಘೋಚರ್'. ತೂಕವೇ ಇಲ್ಲದ ಪುಸ್ತಕ. ಬೆಂಗಳೂರಿನ ಒಂದು ಮನೆಗೆ ಇದ್ದಕ್ಕಿದ್ದಂತೆ ದುಡ್ಡು ಬಂದಾಗ ಮನೆಮಂದಿ ಹೇಗೆ ಬದಲಾಗುತ್ತಾರೆ ಎಂಬ ಕತೆ. ತಿಂಗಳು ತಿಂಗಳು ಊರಿಗೆ ಹಣ ಕಳಿಸುವ ನಾವು ಓದಲೇಬೇಕು, ಸ್ವಲ್ಪ ಕಸಿವಿಸಿಯಾದರೂ. ಸಮುದ್ರ ದಾಟಿ ಬದುಕು ಹುಡುಕುವವರ ಕತೆ ಬೇಕೆಂದರೆ ವಸುಧೇಂದ್ರರ 'ತೇಜೋ ತುಂಗಭದ್ರಾ' (2019). ಇದು ದಪ್ಪ, ಕೈಚೀಲದಲ್ಲಿಡಿ. ಮಕ್ಕಳಿಗೆ ಕನ್ನಡ ಅಕ್ಷರ ಬಾರದಿದ್ದರೆ ತೇಜಸ್ವಿಯವರ 'ಕರ್ವಾಲೊ'ವನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ.

ಪುರುಸೊತ್ತೆಲ್ಲಿ ಎನ್ನುತ್ತೀರಾ? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಿನ ಕೆಲಸಕ್ಕೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಡುವು. ಔಷಧಿ ಕೊಡುವವರ ಮಾತಿನಲ್ಲಿ ಹೇಳುವುದಾದರೆ, ದಿನಕ್ಕೆ ಹತ್ತು ಪುಟ, ಊಟದ ನಂತರ. ಓದಿದ್ದನ್ನು ಪಕ್ಕದ ಮಂಚದವರಿಗೆ ದಾಟಿಸಿ.